‘ಕ್ಷುಲ್ಲಕ ಕಾರಣ’ದ ಹಿಂದಿನ ವರ್ಷಗಳು

ದಿನಪತ್ರಿಕೆಯ ಒಳಪುಟದ ಕೆಲವು ತಲೆಬರಹಗಳಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆ ಎಂದರೆ, ಅವನ್ನು ಓದಿದ್ದೂ ನೆನಪಿನಲ್ಲಿ ಉಳಿಯುವುದಿಲ್ಲ. ‘ಕ್ಷುಲ್ಲಕ ಕಾರಣಕ್ಕೆ ಪತ್ನಿಯ ಕೊಲೆ’. ‘ಶೀಲ ಶಂಕಿಸಿ ಪತ್ನಿಯ ಹತ್ಯೆ’. ‘ಕೊಲೆಯಲ್ಲಿ ಅಂತ್ಯವಾದ ಕೌಟುಂಬಿಕ ಕಲಹ’. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ: ಕೊಂದವನು ಯಾವುದರಲ್ಲೂ ಇಲ್ಲ. ಒಂದು ಕಡೆ ಕಾರಣ ಕೊಂದಿದೆ, ಇನ್ನೊಂದು ಕಡೆ ಶಂಕೆ ಕೊಂದಿದೆ, ಮತ್ತೊಂದು ಕಡೆ ಕಲಹ ತಾನೇ ಬೆಳೆದು ಕೊಲೆಯಾಗಿದೆ. ಕೆಳಗಿನ ಸುದ್ದಿಯಲ್ಲಿ, ಫೋನ್ ಎತ್ತಲಿಲ್ಲವೆಂದೋ, ಹೇಳದೆ ಹೊರಗೆ ಹೋದಳೆಂದೋ, ಎದುರು ಮಾತನಾಡಿದಳೆಂದೋ ಬರೆದಿರುತ್ತದೆ. ಅಷ್ಟಕ್ಕೇ ಕೊಂದುಬಿಟ್ಟನೇ ಎಂದು ಓದುವವರು ಬೆರಗಾಗುತ್ತಾರೆ.

ಆ ‘ಅಷ್ಟಕ್ಕೇ’ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಪತ್ರಿಕೆಗೆ ಅದನ್ನು ಹೇಳಿದವರು ಪೊಲೀಸರು. ಪೊಲೀಸರಿಗೆ ಹೇಳಿದವನು ಆರೋಪಿ. ಆ ಮನೆಯೊಳಗಿನ ವರ್ಷಗಳ ಬಗ್ಗೆ ಬೇರೆ ಕಥೆ ಹೇಳಬಹುದಾಗಿದ್ದವಳು ಸತ್ತಿದ್ದಾಳೆ. ಹಾಗಾಗಿ ಕಥೆ ಕೊಲೆಯ ದಿನ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯುತ್ತದೆ, ಅದಕ್ಕೆ ಹಿಂದಿನದೇನೂ ಅದರಲ್ಲಿ ಇರುವುದಿಲ್ಲ. ‘ಸಿಟ್ಟಿನ ಭರದಲ್ಲಿ ಹಿಡಿತ ತಪ್ಪಿತು’ ಎಂದು ಅವನು ಹೇಳಿಕೆ ಕೊಡುತ್ತಾನೆ. ಹಿಡಿತ ತಪ್ಪಿದ್ದು ನಿಜ. ಆದರೆ ಯಾರ ಮೇಲಿನ ಹಿಡಿತ? ಇಂಥ ಸಾವುಗಳನ್ನು ದಶಕಗಳಿಂದ ಅಧ್ಯಯನ ಮಾಡಿದವರು ಕೊಡುವ ಉತ್ತರ, ಅವಳ ಮೇಲಿನದು ಎಂದು. ವರ್ಷಗಟ್ಟಲೆ ಬಿಗಿಯಾಗಿ ಹಿಡಿದಿದ್ದದ್ದು ಕೈ ಜಾರುತ್ತಿದೆ ಎಂದು ಅವನಿಗೆ ಅನ್ನಿಸಿದಾಗ ಈ ಕೊಲೆಗಳು ಆಗುತ್ತವೆ. ಹಿಡಿತದ ಗುರುತುಗಳು ಅದಕ್ಕೆ ಬಹಳ ಮುಂಚೆಯೇ ಕಾಣುವಂತಿರುತ್ತವೆ.

ಅಂಕಿಅಂಶವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ಉದ್ದೇಶಪೂರ್ವಕವಾಗಿ ಕೊಲೆಯಾದ ಮಹಿಳೆಯರು ಮತ್ತು ಬಾಲಕಿಯರು ಸುಮಾರು 83,000. ಇವರಲ್ಲಿ ಸುಮಾರು 50,000 ಮಂದಿಯನ್ನು, ಅಂದರೆ ಶೇ 60ರಷ್ಟು ಮಂದಿಯನ್ನು, ಕೊಂದವರು ಸಂಗಾತಿಗಳು ಇಲ್ಲವೇ ಮನೆಯವರು. ದಿನಕ್ಕೆ 137 ಸಾವು. ಕೊಲೆಯಾಗುವ ಗಂಡಸರ ಒಟ್ಟು ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಆದರೆ ಅವರಲ್ಲಿ ಸಂಗಾತಿ ಅಥವಾ ಮನೆಯವರ ಕೈಯಲ್ಲಿ ಸತ್ತವರು ಶೇ 11ರಷ್ಟು ಮಾತ್ರ. ಗಂಡಸಿಗೆ ಅಪಾಯ ಹೆಚ್ಚಾಗಿ ಹೊಸ್ತಿಲಿನ ಆಚೆ. ಹೆಂಗಸಿಗೆ ಹೊಸ್ತಿಲಿನ ಈಚೆ.

ಇಂಗ್ಲಿಷಿನ ಕಾನೂನು ಬರಹಗಳು ಈ ಹಿಡಿತವನ್ನು ‘ಕೋಯರ್ಸಿವ್ ಕಂಟ್ರೋಲ್’ ಎನ್ನುತ್ತವೆ. ‘ಬಲವಂತದ ನಿಯಂತ್ರಣ’ ಎಂದು ಕನ್ನಡಿಸಿದರೆ ಸಂಚಾರ ವಿಭಾಗದ ಸುತ್ತೋಲೆಯಂತೆ ಕೇಳಿಸುತ್ತದೆ. ‘ದಬ್ಬಾಳಿಕೆಯ ಹಿಡಿತ’ ಎನ್ನೋಣ. ಹಾಗೆ ನೋಡಿದರೆ ನಮ್ಮ ಮಾತಿನಲ್ಲಿ ಇದಕ್ಕೆ ಹೆಸರು ಇಲ್ಲದೆ ಏನಿಲ್ಲ. ‘ಹೆಂಡತಿಯನ್ನು ಅಂಕೆಯಲ್ಲಿ ಇಟ್ಟುಕೊಂಡಿದ್ದಾನೆ’ ಎನ್ನುತ್ತೇವೆ, ಅದೂ ಮೆಚ್ಚುಗೆಯ ದನಿಯಲ್ಲಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರಲ್ಲಿ ಈ ಪರಿಕಲ್ಪನೆಯನ್ನು ವಿಸ್ತಾರವಾಗಿ ಮಂಡಿಸಿದರು. ಕಾನೂನು ಏಟುಗಳನ್ನು ಎಣಿಸುತ್ತದೆ. ಒಂದೊಂದು ಏಟನ್ನೂ ಬಿಡಿಯಾಗಿ ತೂಗುತ್ತದೆ. ಹಾಗೆ ತೂಗಿದಾಗ ಹೆಚ್ಚಿನವು ಸಣ್ಣವಾಗಿಯೇ ಕಾಣುತ್ತವೆ ಎಂಬುದು ಅವರ ತಕರಾರು. ಒಂದು ತಳ್ಳು, ಒಂದು ಕೆನ್ನೆಯೇಟು, ಎಸೆದ ಒಂದು ಲೋಟ. ಇವನ್ನು ಜೋಡಿಸುವ ದಾರ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಆ ದಾರದ ಮಟ್ಟಿಗೆ ಇದು ದೇಹದ ಮೇಲಿನ ಅಪರಾಧಕ್ಕಿಂತ ಸ್ವಾತಂತ್ರ್ಯದ ಮೇಲಿನ ಅಪರಾಧ, ಒತ್ತೆಯಾಳನ್ನು ಇಟ್ಟುಕೊಂಡ ಹಾಗೆ ಎಂದರು ಸ್ಟಾರ್ಕ್.

ಒತ್ತೆಯಾಳಿನ ಹೋಲಿಕೆ ಅಲಂಕಾರಕ್ಕೆ ಬಂದದ್ದಲ್ಲ. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ವಾಯುಪಡೆಯವರು ಸುಳ್ಳು ತಪ್ಪೊಪ್ಪಿಗೆ ಕೊಟ್ಟದ್ದು ಹೇಗೆ ಎಂಬುದನ್ನು ಆಲ್ಬರ್ಟ್ ಬಿಡರ್‌ಮನ್ ಎಂಬ ಸಮಾಜವಿಜ್ಞಾನಿ ಅಧ್ಯಯನ ಮಾಡಿ 1957ರಲ್ಲಿ ಪ್ರಕಟಿಸಿದರು. ಸೆರೆಯಾಳಿನ ಮನಸ್ಸನ್ನು ಮುರಿಯಲು ಹೊಡೆತವೇ ಬೇಕಾಗಿಲ್ಲ ಎಂಬುದು ಅವರು ಕಂಡುಕೊಂಡ ವಿಚಾರ. ಎಂಟು ಉಪಾಯಗಳನ್ನು ಅವರು ಪಟ್ಟಿ ಮಾಡಿದರು: ಒಂಟಿಯಾಗಿಸುವುದು, ಗಮನವೆಲ್ಲ ಸೆರೆಹಿಡಿದವನ ಸುತ್ತಲೇ ಸುತ್ತುವಂತೆ ಮಾಡುವುದು, ನಿದ್ದೆಗೆಡಿಸಿ ಸುಸ್ತಾಗಿಸುವುದು, ಬೆದರಿಸುವುದು, ಆಗೊಮ್ಮೆ ಈಗೊಮ್ಮೆ ಕರುಣೆ ತೋರುವುದು, ತನ್ನ ಶಕ್ತಿಗೆ ಎಣೆಯಿಲ್ಲ ಎಂದು ತೋರಿಸುವುದು, ಹೀಯಾಳಿಸುವುದು, ಕ್ಷುಲ್ಲಕ ಆಜ್ಞೆಗಳನ್ನು ಪಾಲಿಸುವಂತೆ ಮಾಡುವುದು. 1973ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತನ್ನ ಚಿತ್ರಹಿಂಸೆ ವರದಿಯಲ್ಲಿ ಇದನ್ನು ಬಳಸಿಕೊಂಡಿತು. ಆಮೇಲೆ ಮಹಿಳೆಯರ ಆಶ್ರಯಧಾಮಗಳಲ್ಲಿ ಕೆಲಸ ಮಾಡುವವರ ಕೈಗೂ ಈ ಪಟ್ಟಿ ಬಂತು. ಯುದ್ಧಕೈದಿಗಳ ಬಗ್ಗೆ ಬರೆದ ಆ ಸಾಲುಗಳಲ್ಲಿ ಅವರು ತಮ್ಮ ಬಳಿ ಬರುವ ಹೆಂಗಸರನ್ನೇ ಕಂಡರು.

ಎಂಟರಲ್ಲಿ ಕೊನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಟವೆಲನ್ನು ಮೂರೇ ಮಡಿಕೆ ಮಾಡಬೇಕು. ಕರೆ ಬಂದರೆ ಮೂರನೆಯ ರಿಂಗಿನೊಳಗೆ ಎತ್ತಬೇಕು. ಅವನು ಮನೆಗೆ ಬರುವ ಹೊತ್ತಿಗೆ ಚಪ್ಪಲಿಗಳು ಗೋಡೆಗೆ ಸಮಾನಾಂತರವಾಗಿರಬೇಕು. ಒಂದೊಂದಾಗಿ ಹೇಳಿದರೆ ನಗು ಬರುವಂಥ ನಿಯಮಗಳು. ದೂರು ಕೊಡಲು ಹೋದರೆ ಬರೆದುಕೊಳ್ಳುವವರೂ ಪೆನ್ನು ಕೆಳಗಿಡುತ್ತಾರೆ. ಟವೆಲ್ ಹೇಗಿದ್ದರೂ ಅವನಿಗೆ ಆಗಬೇಕಾದದ್ದು ಏನಿಲ್ಲ. ಮಡಿಸುವ ಪ್ರತಿ ಸಲವೂ ಅವಳು ಅವನನ್ನು ನೆನೆಯಬೇಕು, ಅಷ್ಟು ಸಾಕು. ನಿಯಮಗಳು ಹೇಳದೆ ಕೇಳದೆ ಬದಲಾಗುತ್ತಲೂ ಇರುತ್ತವೆ, ಏಕೆಂದರೆ ಪೂರ್ತಿ ಪಾಲಿಸಲು ಬರುವ ನಿಯಮದಿಂದ ಹೆದರಿಕೆ ಹುಟ್ಟುವುದಿಲ್ಲ. ಕೆಲವು ವರ್ಷಗಳಲ್ಲಿ ಅವಳು ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿನಿಂದಲೇ ಆ ಸಂಜೆ ಹೇಗಿರುತ್ತದೆ ಎಂದು ಓದುವುದನ್ನು ಕಲಿಯುತ್ತಾಳೆ. ಆಮೇಲೆ ಅವನು ಮನೆಯಲ್ಲಿ ಇರಬೇಕಾಗಿಯೂ ಇಲ್ಲ.

ಮತ್ತು ಆ ಕರುಣೆ. ಹೊರಗಿನವರಿಗೆ ಅತ್ಯಂತ ಗೊಂದಲ ಹುಟ್ಟಿಸುವ ಭಾಗ ಇದು. ಮೊನ್ನೆ ತಾನೇ ಅಳುತ್ತಿದ್ದವಳು ಇವತ್ತು ಅವನ ಜೊತೆ ನಗುತ್ತಾ ಫೋಟೊ ಹಾಕಿದ್ದಾಳಲ್ಲ ಎನ್ನುತ್ತಾರೆ. ಹತ್ತು ದಿನ ಉಸಿರು ಬಿಗಿಹಿಡಿದು ಬದುಕಿದವರಿಗೆ ಹನ್ನೊಂದನೆಯ ದಿನದ ಒಂದು ಮೃದು ಮಾತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಸೆರೆಶಿಬಿರದ ಕಾವಲುಗಾರರು ಬಲ್ಲವರಾಗಿದ್ದರು.

ಈಗ ತಲೆಬರಹಕ್ಕೆ ಮರಳಿದರೆ ‘ಕ್ಷುಲ್ಲಕ ಕಾರಣ’ದ ಅರ್ಥವೇ ಬದಲಾಗುತ್ತದೆ. ಎತ್ತದೆ ಹೋದ ಆ ಕರೆ ಅವನ ಪಾಲಿಗೆ ಕ್ಷುಲ್ಲಕವಾಗಿರಲಿಲ್ಲ. ಇಡೀ ವ್ಯವಸ್ಥೆ ನಿಂತಿದ್ದದ್ದು ಅಂಥ ಕರೆಗಳ ಮೇಲೆಯೇ.

ಮೊಬೈಲ್ ಬಂದ ಮೇಲೆ ಕಾವಲು ಅಗ್ಗವಾಗಿದೆ. ಹಿಂದೆ ಬೆನ್ನ ಹಿಂದೆ ಹೋಗಬೇಕಾಗಿದ್ದವನಿಗೆ ಈಗ ಲೊಕೇಶನ್ ಹಂಚಿಕೆಯ ಒಂದು ಗುಂಡಿ ಸಾಕು; ‘ನನ್ನ ಮೇಲೆ ನಂಬಿಕೆಯಿದ್ದರೆ ಪಾಸ್‌ವರ್ಡ್ ಕೊಡು’ ಎಂಬ ಮಾತು ಪ್ರೀತಿಯ ಪರೀಕ್ಷೆಯಂತೆಯೇ ಕೇಳಿಸುತ್ತದೆ. ಕಳೆದ ಕೀಲಿಕೈ ಹುಡುಕಲೆಂದು 2021ರಲ್ಲಿ ಆ್ಯಪಲ್ ಕಂಪನಿ ತಂದ ಏರ್‌ಟ್ಯಾಗ್ ಬಿಲ್ಲೆಗಳು ಹೆಂಗಸರ ಚೀಲಗಳಲ್ಲಿ, ಕಾರುಗಳಲ್ಲಿ ಪತ್ತೆಯಾದವು. ಗೊತ್ತಿಲ್ಲದ ಬಿಲ್ಲೆಯೊಂದು ಜೊತೆಯಲ್ಲೇ ಚಲಿಸುತ್ತಿದ್ದರೆ ಐಫೋನ್, ಆಂಡ್ರಾಯ್ಡ್ ಎರಡೂ ಬಗೆಯ ಫೋನುಗಳಲ್ಲಿ ಎಚ್ಚರಿಕೆ ಬರುವ ಏರ್ಪಾಟನ್ನು ಆ್ಯಪಲ್ ಮತ್ತು ಗೂಗಲ್ ಒಟ್ಟಾಗಿ ತಂದದ್ದು 2024ರ ಮೇ ತಿಂಗಳಲ್ಲಿ, ಅಂದರೆ ಮೂರು ವರ್ಷ ತಡವಾಗಿ. ಇನ್ನೂ ವಿಚಿತ್ರವಾದ ಉದಾಹರಣೆ ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕಿನದು. ಒಂದು ಡಾಲರಿಗೂ ಕಡಿಮೆ ಮೊತ್ತವನ್ನು ಮತ್ತೆ ಮತ್ತೆ ಖಾತೆಗೆ ಹಾಕಿ, ಅದರ ವಿವರಣೆಯ ಜಾಗದಲ್ಲಿ ನಿಂದನೆ, ಬೆದರಿಕೆ ಬರೆದು ಕಳುಹಿಸುವವರಿದ್ದಾರೆ ಎಂಬುದನ್ನು ಆ ಬ್ಯಾಂಕು 2020ರಲ್ಲಿ ಪತ್ತೆಹಚ್ಚಿತು. ಮೂರೇ ತಿಂಗಳಲ್ಲಿ 8,000ಕ್ಕೂ ಹೆಚ್ಚು ಗ್ರಾಹಕರಿಗೆ ಇಂಥ ಜಮೆಗಳು ಹಲವು ಬಾರಿ ಬಂದಿದ್ದವು. ನಂಬರ್ ಬ್ಲಾಕ್ ಮಾಡಬಹುದು. ಸಂಬಳ ಬರುವ ಖಾತೆಯನ್ನು ಹೇಗೆ ಬ್ಲಾಕ್ ಮಾಡುವುದು?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ; ಅದು ಜಗಳದ ಬಗ್ಗೆ ಇರುವ ಗಾದೆ. ಜಗಳಕ್ಕೆ ಇಬ್ಬರು ಬೇಕು, ಇಬ್ಬರಿಗೂ ದನಿ ಎತ್ತುವ ಧೈರ್ಯ ಬೇಕು. ಸಮಾಜಶಾಸ್ತ್ರಜ್ಞ ಮೈಕೇಲ್ ಜಾನ್ಸನ್ 1995ರಲ್ಲಿ ತೋರಿಸಿಕೊಟ್ಟ ವ್ಯತ್ಯಾಸವೂ ಇದೇ. ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸುವ ದಂಪತಿಗಳು ಒಂದು ಬಗೆ. ಅಲ್ಲಿ ಗಂಡಸರೂ ಹೆಂಗಸರೂ ಹೊಡೆಯುತ್ತಾರೆ. ಒಬ್ಬರು ಇನ್ನೊಬ್ಬರ ಇಡೀ ಬದುಕನ್ನು ಅಂಕೆಗೆ ತರಲು ಹಿಂಸೆಯನ್ನು ಸಾಧನವಾಗಿ ಬಳಸುವುದು ಇನ್ನೊಂದು ಬಗೆ. ಅದನ್ನು ನಡೆಸುವವರು ಬಹುಪಾಲು ಗಂಡಸರು. ‘ಗಂಡಸರೂ ಅಷ್ಟೇ ಏಟು ತಿನ್ನುತ್ತಾರೆ’ ಎಂಬ ವಾದದ ಹಿಂದಿರುವ ಸಮೀಕ್ಷೆಗಳು ಹೆಚ್ಚಾಗಿ ಎಣಿಸುವುದು ಮೊದಲ ಬಗೆಯನ್ನು. ಶವಾಗಾರಕ್ಕೆ ಬರುವುದು ಹೆಚ್ಚಾಗಿ ಎರಡನೆಯ ಬಗೆ. ಎರಡನ್ನೂ ಬೇರ್ಪಡಿಸುವ ಪ್ರಶ್ನೆ ಸರಳವಾಗಿದೆ: ಆ ಮನೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ?

ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದು ಈಗ ಅಪರಾಧಶಾಸ್ತ್ರಜ್ಞೆಯಾಗಿರುವ ಬ್ರಿಟನ್ನಿನ ಜೇನ್ ಮಾಂಕ್ಟನ್ ಸ್ಮಿತ್ ಅಲ್ಲಿ ಸಂಗಾತಿಯ ಕೈಯಲ್ಲಿ ಮಹಿಳೆಯರು ಸತ್ತ 372 ಕೊಲೆಗಳನ್ನು ಹಿಂದಕ್ಕೆ ಹಿಂದಕ್ಕೆ ಬಿಡಿಸುತ್ತಾ ಹೋದರು. 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಹಂತಗಳಿವೆ. ಹಿಂದಿನ ಸಂಬಂಧಗಳಲ್ಲೂ ಅವನಿಗೆ ಹಿಡಿತದ ಚರಿತ್ರೆಯಿರುತ್ತದೆ. ಹೊಸ ಸಂಬಂಧ ಬಿರುಗಾಳಿಯ ವೇಗದಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಹಿಡಿತವೇ ಸಂಬಂಧವಾಗುತ್ತದೆ. ಒಂದು ದಿನ ಏನೋ ಅದನ್ನು ಅಲುಗಿಸುತ್ತದೆ: ಅವಳು ಬಿಟ್ಟು ಹೋಗುವ ಮಾತೆತ್ತುತ್ತಾಳೆ, ಇಲ್ಲವೇ ಅವನು ಕೆಲಸ ಕಳೆದುಕೊಳ್ಳುತ್ತಾನೆ. ಅವನ ವರ್ತನೆ ತೀವ್ರವಾಗುತ್ತದೆ. ಬೇಡಿಕೊಳ್ಳುವುದು, ಹಿಂಬಾಲಿಸುವುದು, ಸಾಯುತ್ತೇನೆ ಎನ್ನುವುದು. ನಂತರದ ಹಂತ ಆಲೋಚನೆಯಲ್ಲಾಗುವ ಬದಲಾವಣೆ. ಮರಳಿ ಪಡೆಯುವುದು ಆಗದ ಮಾತು ಎಂದು ಅವನು ತೀರ್ಮಾನಿಸುತ್ತಾನೆ, ಹೊರಗಿನವರಿಗೆ ಶಾಂತನಾದಂತೆ ಕಾಣುತ್ತಾನೆ. ಏಳನೆಯದು ಯೋಜನೆ. ಎಂಟನೆಯದು ಕೊಲೆ.

ಆರನೆಯ ಹಂತದ ಆ ಶಾಂತತೆಯೇ ನನಗೆ ಇಡೀ ಪಟ್ಟಿಯಲ್ಲಿ ಭಯಂಕರವಾಗಿ ಕಂಡದ್ದು. ‘ಈಗ ಸರಿಹೋಗಿದ್ದಾನೆ’ ಎಂದು ಎರಡೂ ಕಡೆಯ ಹಿರಿಯರು ನಿಟ್ಟುಸಿರು ಬಿಡುವ ವಾರವೇ ಅದು. ಕೊನೆಯದಾಗಿ ಒಂದು ಸಲ ಬಂದು ಮಾತಾಡಿಕೊಂಡು ಹೋಗು ಎಂದು ಅವಳನ್ನು ಕರೆಯುವುದೂ ಹೆಚ್ಚಾಗಿ ಅದೇ ವಾರದಲ್ಲಿ.

‘ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಹುದಿತ್ತಲ್ಲ?’ ಎಂಬ ಪ್ರಶ್ನೆಗೆ ಬರೋಣ. ದುಡ್ಡಿಲ್ಲ, ಮಕ್ಕಳಿದ್ದಾರೆ, ಹೋಗಲು ಜಾಗವಿಲ್ಲ ಎಂಬ ಉತ್ತರಗಳೆಲ್ಲ ನಿಜ. ಆದರೆ ಅವೆಲ್ಲಕ್ಕಿಂತ ಮುಂಚೆ ಬರುವ ಉತ್ತರವೊಂದಿದೆ. ಅಮೆರಿಕದ ಶುಶ್ರೂಷಾ ವಿಜ್ಞಾನದ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಲ್ಲಿನ 11 ನಗರಗಳಲ್ಲಿ, ಕೊಲೆಯಾದ ಮಹಿಳೆಯರ ಪ್ರಕರಣಗಳನ್ನು ದೌರ್ಜನ್ಯ ಅನುಭವಿಸಿಯೂ ಬದುಕಿರುವವರ ಪ್ರಕರಣಗಳೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಅತಿಯಾಗಿ ಹಿಡಿತ ಸಾಧಿಸುವ ಸಂಗಾತಿಯನ್ನು ಬಿಟ್ಟು ಬಂದಾಗ ಕೊಲೆಯ ಅಪಾಯ ಸುಮಾರು ಒಂಬತ್ತು ಪಟ್ಟು ಏರುತ್ತದೆ ಎಂದು ಕಂಡಿತು. ಅವನ ಕೈಗೆ ಬಂದೂಕು ಸಿಗುವಂತಿದ್ದರೆ ಐದು ಪಟ್ಟು. ಕೊಲೆಯಾದವರಲ್ಲಿ ಅರ್ಧದಷ್ಟು ಮಂದಿಗೆ ಅವನು ತಮ್ಮನ್ನು ಕೊಲ್ಲಬಲ್ಲ ಎಂದು ಅನ್ನಿಸಿಯೇ ಇರಲಿಲ್ಲ. ಇನ್ನರ್ಧ ಮಂದಿಗೆ ಅನ್ನಿಸಿತ್ತು, ಹೇಳಿಕೊಂಡಿದ್ದರೆ ‘ಅತಿಯಾಗಿ ಆಡುತ್ತಾಳೆ’ ಎಂದೇ ಕೇಳಿರಬೇಕು. ಅಂದರೆ ‘ಯಾಕೆ ಬಿಟ್ಟು ಬರಲಿಲ್ಲ’ ಎಂದು ಕೇಳುವವರು, ಅತಿ ಹೆಚ್ಚು ಅಪಾಯದ ಕೆಲಸವೊಂದನ್ನು ಯಾವ ರಕ್ಷಣೆಯೂ ಇಲ್ಲದೆ ಯಾಕೆ ಮಾಡಲಿಲ್ಲ ಎಂದು ಕೇಳುತ್ತಿದ್ದಾರೆ.

ಏಟಿನ ಗುರುತನ್ನೇ ನಂಬಿದರೆ ತಪ್ಪಿಹೋಗುವ ಇನ್ನೊಂದು ಸೂಚನೆ ಕುತ್ತಿಗೆಗೆ ಕೈ ಹಾಕುವುದು. ಕುತ್ತಿಗೆಯ ರಕ್ತನಾಳಗಳನ್ನು ಒತ್ತಿದರೆ ಹತ್ತು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದರೂ ಮರುದಿನಕ್ಕೆ ಏನೂ ಕಾಣದಿರುವುದು ಸಾಮಾನ್ಯ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇಂಥ 300 ಪ್ರಕರಣಗಳನ್ನು ಪರಿಶೀಲಿಸಿದಾಗ ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ. ಫೋಟೊ ತೆಗೆಯಲು ಏನೂ ಇಲ್ಲದ ಕಡೆ ಪ್ರಕರಣವೂ ನಿಲ್ಲುವುದಿಲ್ಲ. ಆದರೆ 2008ರ ಒಂದು ಅಧ್ಯಯನದ ಪ್ರಕಾರ, ಹಿಂದೊಮ್ಮೆ ಸಂಗಾತಿ ಕುತ್ತಿಗೆ ಹಿಸುಕಿದ್ದ ಮಹಿಳೆ ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು. ‘ಹೆದರಿಸಲು ಹಿಡಿದೆ ಅಷ್ಟೇ’ ಎಂಬ ಸಮಜಾಯಿಷಿಯನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ನಿನ್ನ ಉಸಿರು ನನ್ನ ಕೈಯಲ್ಲಿದೆ ಎಂದು ಅವನು ಹೇಳಿದ್ದಾನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುತ್ತಿಗೆ ಹಿಸುಕುವುದು 2022ರ ಜೂನ್‌ನಿಂದ ತಾನೇ ಒಂದು ಪ್ರತ್ಯೇಕ ಅಪರಾಧವಾಗಿದೆ, ಗಾಯವಿರಲೇಬೇಕೆಂದಿಲ್ಲ.

ಕಾನೂನುಗಳು ಈ ತಿಳಿವಳಿಕೆಯ ಹಿಂದೆ ಕುಂಟುತ್ತಾ ಬರುತ್ತಿವೆ. ಫ್ರಾನ್ಸ್ 2010ರಲ್ಲೇ ದಾಂಪತ್ಯದೊಳಗಿನ ಮಾನಸಿಕ ಕಿರುಕುಳವನ್ನು ಅಪರಾಧವಾಗಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್ 2015ರಲ್ಲಿ ದಬ್ಬಾಳಿಕೆಯ ಹಿಡಿತವನ್ನೇ ಐದು ವರ್ಷಗಳವರೆಗೆ ಶಿಕ್ಷೆಯಾಗಬಲ್ಲ ಅಪರಾಧವೆಂದು ಸಾರಿದವು. ಆದರೆ ಆ ಕಾನೂನಿನಲ್ಲಿ ಒಂದು ತೂತಿತ್ತು. ಸಂಬಂಧ ಮುರಿದು ಬೇರೆ ಮನೆಗೆ ಹೋದ ಹೆಂಗಸಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಪಾಯ ಒಂಬತ್ತು ಪಟ್ಟಾಗುವ ಹೊತ್ತಿಗೆ ಸರಿಯಾಗಿ ರಕ್ಷಣೆ ಮುಗಿಯುತ್ತಿತ್ತು! ಈ ತೂತು ಮುಚ್ಚಿದ್ದು 2023ರ ಏಪ್ರಿಲ್‌ನಲ್ಲಿ. ಮತ್ತೊಂದು ತೊಡಕು ಇನ್ನೂ ಇದೆ. ಆ ವರ್ತನೆ ಅವಳ ಮೇಲೆ ಗಂಭೀರ ಪರಿಣಾಮ ಬೀರಿದೆ ಎಂಬುದು ಅಲ್ಲಿ ಸಾಬೀತಾಗಬೇಕು, ಹಾಗಾಗಿ ಗಟ್ಟಿಯಾಗಿ ತಡೆದುಕೊಂಡವಳಿಗೇ ನ್ಯಾಯ ದೂರವಾಗುವ ಸಾಧ್ಯತೆಯಿದೆ. 2019ರಲ್ಲಿ ಜಾರಿಗೆ ಬಂದ ಸ್ಕಾಟ್ಲೆಂಡಿನ ಕಾನೂನು ಇದಕ್ಕಿಂತ ಜಾಣತನದ್ದು. ವಿವೇಕವುಳ್ಳ ಯಾರಿಗೇ ಆದರೂ ಅಂಥ ವರ್ತನೆಯಿಂದ ಹಾನಿಯಾಗಬಹುದು ಎನ್ನಿಸಿದರೆ ಅಷ್ಟು ಸಾಕು, ಇವಳಿಗೆ ಆದ ಹಾನಿಯನ್ನು ಅಳೆದು ತೋರಿಸಬೇಕಾಗಿಲ್ಲ. ಅಲ್ಲಿ ಗರಿಷ್ಠ ಶಿಕ್ಷೆ 14 ವರ್ಷ. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮಾತಿನ, ಮನಸ್ಸಿನ ಮತ್ತು ಆರ್ಥಿಕ ದೌರ್ಜನ್ಯಗಳನ್ನು ಇವರೆಲ್ಲರಿಗಿಂತ ಮೊದಲೇ ಹೆಸರಿಸಿತ್ತು. ಆದರೆ ಅದು ಕೊಡುವುದು ಮುಖ್ಯವಾಗಿ ರಕ್ಷಣಾ ಆದೇಶದಂಥ ಸಿವಿಲ್ ಪರಿಹಾರಗಳನ್ನು; ಆ ಆದೇಶವನ್ನು ಮೀರಿದಾಗ ಮಾತ್ರ ಅಪರಾಧವಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಚರ್ಚೆ ತಿರುವು ಪಡೆದದ್ದು 2020ರ ಫೆಬ್ರವರಿಯಲ್ಲಿ. ಬ್ರಿಸ್ಬೇನ್ ನಗರದಲ್ಲಿ, ಗಂಡನನ್ನು ಬಿಟ್ಟು ಬಂದಿದ್ದ ಒಬ್ಬ ತಾಯಿಯನ್ನೂ ಮೂವರು ಮಕ್ಕಳನ್ನೂ ಅವನು ಕಾರಿನಲ್ಲೇ ಬೆಂಕಿ ಹಚ್ಚಿ ಕೊಂದ. ಅವಳ ಬಟ್ಟೆ, ಫೋನ್, ತವರಿನೊಂದಿಗಿನ ಒಡನಾಟ ಎಲ್ಲದರ ಮೇಲೂ ವರ್ಷಗಳಿಂದ ಅವನ ಅಂಕೆಯಿತ್ತು. ಹೊಡೆಯುತ್ತಿರಲಿಲ್ಲವಾದ್ದರಿಂದ ಅದನ್ನು ದೌರ್ಜನ್ಯವೆಂದು ಬಹಳ ಕಾಲ ಯಾರೂ ಕರೆದಿರಲಿಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2000ರಿಂದ 2018ರವರೆಗಿನ ಸಂಗಾತಿ ಕೊಲೆಗಳನ್ನು ಪರಿಶೀಲಿಸಿದಾಗ ಶೇ 97ರಷ್ಟರಲ್ಲಿ ಕೊಲೆಗೆ ಮುಂಚೆ ಮಾನಸಿಕ ದೌರ್ಜನ್ಯದ ರೂಪದಲ್ಲಿ ಇಂಥ ಹಿಡಿತವಿತ್ತು. ಆ ರಾಜ್ಯದಲ್ಲಿ 2024ರ ಜುಲೈಯಿಂದ, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲೆಂಡಿನಲ್ಲಿ 2025ರ ಮೇ ತಿಂಗಳಿಂದ ಇದು ಅಪರಾಧ.

ಇದಕ್ಕೆ ವಿರೋಧವೂ ಬಂತು, ಬಂದದ್ದು ಗಂಡಸರ ಸಂಘಗಳಿಂದ ಮಾತ್ರ ಅಲ್ಲ. ಪೊಲೀಸರು ಬಂದಾಗ ಅವನು ಸಮಾಧಾನದಿಂದ ಮಾತನಾಡುತ್ತಾನೆ, ಅವಳು ಕಿರುಚಾಡುತ್ತಿರುತ್ತಾಳೆ. ಆರೋಪಿಯೆಂದು ಅವಳ ಹೆಸರನ್ನೇ ಬರೆದುಕೊಂಡ ಉದಾಹರಣೆಗಳಿವೆ ಎಂದು ಅಲ್ಲಿನ ಮೂಲನಿವಾಸಿ ಮಹಿಳೆಯರ ಪರ ಕೆಲಸ ಮಾಡುವವರು ಎಚ್ಚರಿಸಿದರು. ಹಿಡಿತವನ್ನು ಗುರುತಿಸಲು ಬಾರದ ಪೊಲೀಸರ ಕೈಗೆ ಹಿಡಿತದ ಕಾನೂನು ಕೊಟ್ಟರೆ ಅದು ಹಿಡಿತ ಸಾಧಿಸುವವನ ಹೊಸ ಆಯುಧವಾಗುತ್ತದೆ ಎಂಬ ಅವರ ಆತಂಕವನ್ನು ನಾನು ಒಪ್ಪುತ್ತೇನೆ. ಆ ಆತಂಕದ ಎದುರು ಇಟ್ಟು ನೋಡಿದರೆ, 2025ರ ನವೆಂಬರ್ 25ರಂದು ಇಟಲಿಯ ಸಂಸತ್ತು ಹೆಣ್ಣೆಂಬ ಕಾರಣಕ್ಕೆ ಮಾಡುವ ಕೊಲೆಯನ್ನು ಜೀವಾವಧಿ ಶಿಕ್ಷೆಯ ಪ್ರತ್ಯೇಕ ಅಪರಾಧವಾಗಿಸಿದ ಕ್ರಮ ಬರೀ ಗಟ್ಟಿ ದನಿಯಂತೆ ಕೇಳಿಸುತ್ತದೆ. ಹೆಸರಿಟ್ಟದ್ದಕ್ಕೆ ಬೆಲೆಯಿದೆ. ಆದರೆ ಏಳನೆಯ ಹಂತದಲ್ಲಿರುವವನು ಶಿಕ್ಷೆಯ ಲೆಕ್ಕ ಹಾಕುತ್ತಿರುವುದಿಲ್ಲ; ಹಲವರು ಕೊಂದ ಮೇಲೆ ತಾವೂ ಸಾಯುತ್ತಾರೆ.

ಕೊಲೆಯ ಲೆಕ್ಕಕ್ಕೆ ಸೇರದೆ ಉಳಿದುಬಿಡುವ ಸಾವುಗಳೂ ಇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ಸಂಶೋಧನಾ ಯೋಜನೆಯೊಂದರ ಪ್ರಕಾರ, 2023ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ, ಕೌಟುಂಬಿಕ ದೌರ್ಜನ್ಯದ ನಂತರ ಆತ್ಮಹತ್ಯೆ ಮಾಡಿಕೊಂಡರೆಂದು ಶಂಕಿಸಲಾದವರ ಸಂಖ್ಯೆ ಸಂಗಾತಿಯ ಕೈಯಲ್ಲಿ ಕೊಲೆಯಾದವರ ಸಂಖ್ಯೆಯನ್ನೂ ಮೀರಿತ್ತು.

ಸತ್ತ ಮೇಲೆ ನಡೆಯುವ ಪರಿಶೀಲನೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಚದುರಿದ ತುಣುಕುಗಳು. ಠಾಣೆಗೆ ಒಂದು ದೂರು ಗೊತ್ತಿತ್ತು, ಆಸ್ಪತ್ರೆಗೆ ಒಂದು ‘ಬಿದ್ದ’ ಗಾಯ ಗೊತ್ತಿತ್ತು, ಶಾಲೆಗೆ ಮಗು ಮಂಕಾದದ್ದು ಗೊತ್ತಿತ್ತು, ಗೆಳತಿಗೆ ಕುತ್ತಿಗೆಯ ವಿಷಯ ಗೊತ್ತಿತ್ತು. ಯಾರ ಬಳಿಯೂ ಇಡೀ ಚಿತ್ರ ಇರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಏಮ್ಸ್‌ಬರಿ ಎಂಬ ಊರಿನಲ್ಲಿ 2002ರಲ್ಲಿ ನಡೆದ ಇಂಥ ಒಂದು ಕೊಲೆಯ ನಂತರ, ಪೊಲೀಸರು, ಆಸ್ಪತ್ರೆ, ನ್ಯಾಯಾಲಯ ಮತ್ತು ಆಶ್ರಯಧಾಮದವರು ಒಂದೇ ಮೇಜಿನ ಸುತ್ತ ಕೂತು ಅತಿ ಅಪಾಯದ ಪ್ರಕರಣಗಳನ್ನು ಜೊತೆಯಾಗಿ ನೋಡುವ ತಂಡವೊಂದು 2005ರಲ್ಲಿ ಹುಟ್ಟಿತು. ಅಲ್ಲಿ ಅವರು ಬಳಸಿದ್ದು ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿದ ಪ್ರಶ್ನಾವಳಿಯನ್ನು.

ಆ ಪ್ರಶ್ನಾವಳಿಯಲ್ಲಿ ಪ್ರಶ್ನೆಗಳ ಜೊತೆಗೆ ಒಂದು ಕ್ಯಾಲೆಂಡರ್ ಇದೆ. ಕಳೆದ ಒಂದು ವರ್ಷದಲ್ಲಿ ಅವನು ಕೈ ಮಾಡಿದ ದಿನಗಳನ್ನೆಲ್ಲ ಮಹಿಳೆ ಅದರಲ್ಲಿ ಗುರುತು ಮಾಡಬೇಕು. ತಳ್ಳಿದ್ದಕ್ಕೆ ಒಂದು ಅಂಕಿ, ಆಯುಧ ತೋರಿಸಿದ್ದಕ್ಕೆ ಇನ್ನೊಂದು. ಗಲಾಟೆ ಹೆಚ್ಚಾಗಿದೆಯೇ ಎಂದು ಬಾಯಿಮಾತಿನಲ್ಲಿ ಕೇಳಿದಾಗ ಇಲ್ಲ, ಮೊದಲಿನ ಹಾಗೇ ಇದೆ ಎಂದಿದ್ದ ಎಷ್ಟೋ ಮಂದಿ, ಹನ್ನೆರಡು ತಿಂಗಳ ಹಾಳೆಯನ್ನು ತುಂಬಿಸಿ ಮುಗಿಸಿದ ಮೇಲೆ ಅದನ್ನೇ ಸ್ವಲ್ಪ ಹೊತ್ತು ನೋಡಿ ತಮ್ಮ ಉತ್ತರವನ್ನು ಬದಲಿಸಿದರು.